ಕೊಟ್ರಪ್ಪಜ್ಜನ ಡೈಲಾಗು

ಹಗ್ಗಕ್ಕಿಂತ ಹಗ್ಗದ ನೆರಳೇ ದಪ್ಪ ಕಾಣುತ್ತಿದೆ ಕ್ಯಾಮೆರಾದ ಪುಟ್ಟ ಪರದೆಯಲ್ಲಿ, ಹರ್ತಿ ಊರಿನ ಇಳಿಹೊತ್ತಿನ ಬಿಸಿಲೇ ಹಾಗೆ, ಇರಲಿ, ಛಲೋ ಆಯಿತು, ಅಬ್ರಾರನಿಗೆ ಬೇಕಾದದ್ದೂ ಇದೇ, ಬೆಳ್ಳಗೆ ಉರಿಯುವ ಅಂಗಳ, ಅದರ ನಡುವೆ ಕರಿ ಬಾಯಿ ತೆರೆದ ಹಗೇವು, ಬಾಯೊಳಗೆ ಇಳಿದ ಹಗ್ಗ, ಹಗ್ಗದ ಆ ತುದಿಗೆ ಈಗಷ್ಟೇ ಇಳಿದುಹೋದ ಶಿವಯೋಗಿ, ಈ ತುದಿಗೆ ಮನೆಯ ಯಜಮಾನ ಕೊಟ್ರಪ್ಪಜ್ಜ — ಆದರೆ ಅಜ್ಜನ ಕೈಯಲ್ಲಿ ಹಗ್ಗ ಯಾಕೆ, ಹೊಟ್ಟಿನ ಬುಟ್ಟಿ ಇರಬೇಕಿತ್ತಲ್ಲ, ಬೆಳಿಗ್ಗೆಯಿಂದ ಹೇಳಿ ಹೇಳಿ ಗಂಟಲು ಹರಿದುಕೊಂಡಿದ್ದಾನೆ ಅಬ್ರಾರ, ಯಜ್ಜಾ, ಶಿವ್ಯಾ ತಳದಾಗ ಕುಂತು ಮಿರ್ಚಿ ಬಜಿ ತಿನ್ನಾಕ ಬಾಯಿ ತಗೀತಾನ, ಹಾಕ್ರಿ ಅಂತ ಒದರ್ತಾನ, ಆವಾಗ ನೀ ಬುಟ್ಟಿ ಬೋರಲ ಹಾಕು, ಮೈತುಂಬ ಹೊಟ್ಟು ಮೆತ್ತಿಕೊಂಡು ಮ್ಯಾಲೆ ಬರ್ತಾನ, ಕೆಳಗ ಹೋಟೆಲ್ ಛಲೋ ಐತಿ, ಫ್ಯಾನಷ್ಟ ಇಲ್ಲ ಅಂತಾನ, ಮುಗೀತು ಪಿಚ್ಚರ್. ಇಷ್ಟೇ. ಇಷ್ಟಕ್ಕೆ ಹೂಂ ಅಂದ ಮುದುಕ ಈಗ ಬುಟ್ಟಿಯನ್ನು ಕಾಲಿನಿಂದ ಅತ್ತ ಸರಿಸಿ, ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು, ಹಗೇವಿನ ಬಾಯಿಗೆ ಕಣ್ಣು ನೆಟ್ಟು ಕೂತಿದ್ದಾನೆ, ಹಗ್ಗ ಅನ್ನುವುದೇ ಸ್ಕ್ರಿಪ್ಟಿನಲ್ಲಿ ಇರಲಿಲ್ಲ, ಶಿವಯೋಗಿ ಅಂಚಿಗೆ ಜೋತುಬಿದ್ದು ಧೊಪ್ಪನೆ ಕೆಳಗಿನ ಹುಲ್ಲಿನ ಮೇಲೆ ಬೀಳುವುದು, ಆಮೇಲೆ ಏಣಿ ಬಿಡುವುದು ಅಂತ ಇತ್ತು, ಕೊನೇ ಗಳಿಗೆಗೆ ಅಜ್ಜ ಎತ್ತಿನ ಹಗ್ಗ ತಂದು ಶಿವಯೋಗಿಯ ಎದೆಗೆ ಬಿಗಿದುಬಿಟ್ಟ, ಕಟ್ಟೆಯ ಮೇಲೆ ಕೂತಿದ್ದ ಓಣಿಯ ಮಂದಿ ಹೋರಿ ಕಟ್ಟಿದಂಗ ಕಟ್ಟತಾನ ನೋಡ್ರಲೇ ಅಂತ ಬಿದ್ದು ಬಿದ್ದು ನಕ್ಕರು, ನಕ್ಕರಲ್ಲ, ಅಂದಮೇಲೆ ಅದೂ ಇರಲಿ, ನಕ್ಕದ್ದನ್ನು ಅಬ್ರಾರ ಇವತ್ತಿನವರೆಗೆ ಕತ್ತರಿಸಿ ಎಸೆದವನಲ್ಲ.

ಹಗೇವು ಅಂದರೆ ಈಗಿನವರಿಗೆ ಎಲ್ಲಿ ಗೊತ್ತು, ಅಂಗಳದ ನೆಲದೊಳಗೇ ತೋಡಿದ ಜೋಳದ ಕಣಜ, ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು, ಕೊಟ್ರಪ್ಪಜ್ಜ ಇದರ ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿ ವರ್ಷಗಳೇ ಆದವು, ತಳದಲ್ಲಿ ಹಳೇ ಹುಲ್ಲು, ಉಳಿದ ಕಾಳು, ಇವತ್ತು ಕ್ಯಾಮೆರಾದ ಮುಂದೆಯೇ ಕಲ್ಲು ಸರಿಸಿದರು, ಒಳಗಿಂದ ಬಂದ ಬಿಸಿ ಹಬೆಗೆ ಮುಗ್ಗಲು ಜೋಳದ ವಾಸನೆ, ವಾಸನೆಯನ್ನು ಕ್ಯಾಮೆರಾ ಹಿಡಿಯುವುದಿಲ್ಲ ಅನ್ನುವುದೊಂದೇ ಕೊರಗು. ಆಮೇಲೆ ಅಜ್ಜ ಚಿಮಣಿ ದೀಪ ಹಚ್ಚಿ ದಾರದಿಂದ ಒಳಗೆ ಬಿಟ್ಟ, ಅದು ಇಳಿಯುತ್ತ ಇಳಿಯುತ್ತ ಕುಳ್ಳಗಾಗಿ, ಕೆಂಪಾಗಿ, ಆರಿತು, ಶಿವಯೋಗಿ ಕ್ಯಾಮೆರಾದ ಕಡೆ ತಿರುಗಿ ಎಣ್ಣಿ ಕಮ್ಮಿ ಆಗೇತ್ರಿ ಅಂದ, ಮಂದಿ ಹೋ ಅಂತ ನಕ್ಕಿತು, ಅಜ್ಜ ದೀಪ ಮೇಲೆಳೆದು ಮತ್ತೆ ಹಚ್ಚಿ ಬಿಟ್ಟ, ಮತ್ತೆ ಆರಿತು, ಆಗ ಅಜ್ಜ ಎದ್ದು ನಿಂತು ಅಂದ, ಬ್ಯಾಡೋ ತಮ್ಮಾ, ಸಾಯ್ತಿ — ಇನ್ನೇನು ಬೇಕು, ಕಟ್ಟೆಯ ಮೇಲಿನವರು ಸಿಳ್ಳೆ ಹೊಡೆದರು, ಅಬ್ರಾರನ ಮೈ ಜುಮ್ಮೆಂದಿತು, ಡೈಲಾಗು ಬಿದ್ದ ಜಾಗ ಅಂದರೆ ಅದು, ಬರೆದು ಕೊಟ್ಟಿದ್ದರೂ ಹಾಗೆ ಬೀಳುತ್ತಿರಲಿಲ್ಲ.

ಆ ಡೈಲಾಗಿನಿಂದಲೇ ಅಲ್ಲವೇ ಇವರ ಹೊಟ್ಟೆ ತುಂಬುವುದು, ಹಿಂದೊಮ್ಮೆ ಶಿವಯೋಗಿಯನ್ನು ಟ್ರ್ಯಾಕ್ಟರಿನ ಟೈರಿನೊಳಗೆ ಕೂರಿಸಿ ಇದೇ ಹರ್ತಿಯ ದಿಬ್ಬದ ಮೇಲಿಂದ ಉರುಳಿಸಲು ನಿಂತಾಗ, ಹೊಲದಿಂದ ಮನೆಗೆ ಹೊರಟಿದ್ದ ಈ ಅಜ್ಜ ಅಡ್ಡ ಬಂದು, ಧೋತರದ ಚುಂಗು ಸೊಂಟಕ್ಕೆ ಸಿಗಿಸಿ, ಬ್ಯಾಡೋ ತಮ್ಮಾ, ಸಾಯ್ತಿ ಅಂದಿದ್ದ, ಅಂದದ್ದೇ ತಡ ಟೈರು ಹೊರಟಿತ್ತು, ಶಿವಯೋಗಿ ಉರುಳಿ ಉರುಳಿ ಎಮ್ಮೆಗಳು ಮಲಗಿದ್ದ ಕೆಸರಿಗೆ ಬಿದ್ದು, ಎದ್ದು, ಎಮ್ಮೆಗೆ ಕೈ ಮುಗಿದಿದ್ದ. ಆಮೇಲೆ ಕೇಳಬೇಕೇ, ಗದಗಿನ ಬಸ್ಸಿನ ಬಾಗಿಲಲ್ಲಿ ಜೋತವರಿಗೆ ಕಂಡಕ್ಟರ್ ಬ್ಯಾಡೋ ತಮ್ಮಾ ಅಂತಾನೆ, ಲಕ್ಷ್ಮೇಶ್ವರದ ಹುಡುಗರು ಅಂಗಿಯ ಬೆನ್ನ ಮೇಲೆ ಸಾಯ್ತಿ ಅಂತ ಬರೆಸಿಕೊಂಡಿದ್ದಾರೆ, ಲಗ್ನಪತ್ರಿಕೆ ಕೊಡಲು ಬಂದವನಿಗೂ ಯಾರೋ ಅದನ್ನೇ ಅಂದರಂತೆ, ಈಗ ಮೊಬೈಲಿನ ತುಣುಕುಗಳನ್ನು ಬಿಟ್ಟು ದೊಡ್ಡ ಪರದೆಗೆ ಹೊರಟ ಪಿಚ್ಚರಿಗೂ ಅದೇ ಹೆಸರು. ಅಜ್ಜನಿಗೆ ಪ್ರತಿ ಸಲ ಹೇಳುವುದು ಒಂದೇ, ಯಜ್ಜಾ, ನೀ ನಟನಿ ಮಾಡಬ್ಯಾಡ, ಸುಮ್ಮನ ಬಂದು ಅಂದುಬಿಡು, ಮತ್ತು ಅಜ್ಜ ಪ್ರತಿ ಸಲ ಹಾಗೇ ಅಂದಿದ್ದಾನೆ, ಪ್ರತಿ ಸಲ ಶಿವಯೋಗಿ ಎದ್ದು ನಿಂತ ಮೇಲೆ ಅವನ ಬೆನ್ನಿಗೊಂದು ಗುದ್ದಿ, ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡು ನಕ್ಕಿದ್ದಾನೆ.

ಶಿವಯೋಗಿಗೂ ನಟನೆ ಬರುವುದಿಲ್ಲ, ಅದೇ ಅವನ ಬಂಡವಾಳ, ಕುಡುಕನ ಪಾರ್ಟು ಕೊಟ್ಟರೆ ಮದುವೆಗೆ ಬಂದ ಬೀಗರ ಹಾಗೆ ನಡೆಯುತ್ತಾನೆ, ಅಳು ಅಂದರೆ ಆಕಳಿಸುತ್ತಾನೆ, ಆದರೆ ಬೀಳು ಅನ್ನಿ, ಬೀಳುವುದನ್ನು ಅವನಿಂದ ಕಲಿಯಬೇಕು, ನಡುವೆ ಒಂದು ಅರೆಗಳಿಗೆ ಗಾಳಿಯಲ್ಲಿ ನಿಂತು ಅಯ್ಯೋ ಬಿದ್ದೆನಲ್ಲ ಅನ್ನುವ ಮುಖ ಮಾಡಿ ಆಮೇಲೆ ಬೀಳುತ್ತಾನೆ, ಆ ಮುಖ ಮಾಡಿದ್ದಲ್ಲ, ಆದದ್ದು. ಅಬ್ರಾರ ಅದನ್ನು ಮೊದಲು ಕಂಡದ್ದು ಬೆಟಗೇರಿಯ ಹೋಳಿಯಲ್ಲಿ, ಕ್ಯಾಮೆರಾ ಹೆಗಲಿಗಿದ್ದರೂ ಇನ್ನೂ ಮದುವೆ ಮುಂಜಿ ಅಷ್ಟೇ ತೆಗೆಯುತ್ತಿದ್ದ ಕಾಲ, ಓಣಿಯ ಹುಡುಗರು ಅಣಕು ಹೆಣ ಹೊತ್ತು ಬರುತ್ತಿದ್ದಾರೆ, ಮುಂದೆ ಹಲಗೆ, ಹಿಂದೆ ಮೀಸೆಯ ಗಂಡಸೊಬ್ಬ ಸೀರೆಯುಟ್ಟು ನನ್ನ ಬಿಟ್ಟು ಹೋದೆಲ್ಲೋ ಅಂತ ಲಬೋ ಲಬೋ ಬಾಯಿ ಬಡಿದುಕೊಳ್ಳುತ್ತಿದ್ದಾನೆ, ಚಟ್ಟದ ಮೇಲೆ ಮೂಗಿಗೆ ಹತ್ತಿ ಇಟ್ಟುಕೊಂಡ ಹೆಣವೇ ಈ ಶಿವಯೋಗಿ, ಹೊಂಬಳದಿಂದ ಬಂದು ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದವನು, ಚಹಾದಂಗಡಿ ಮುಂದೆ ಬಂದದ್ದೇ ಹೆಣ ಎದ್ದು ಕೂತಿತು, ಅರ್ಧಾ ಚಾ ಕೊಡ್ರಿ, ಸಕ್ರಿ ಜಾಸ್ತಿ, ಅಂದಿತು, ಹೊತ್ತವರು ಗಾಬರಿಯಾಗಿ ಕೈ ಬಿಟ್ಟರು, ಹೆಣ ಚಟ್ಟದ ಸಮೇತ ಬಣ್ಣದ ನೀರಿನ ಬಾನಿಯೊಳಗೆ ಬಿತ್ತು. ಓಣಿಗೆ ಓಣಿಯೇ ಹೊಟ್ಟೆ ಹಿಡಿದುಕೊಂಡಿತು, ಎದುರುಮನೆಯ ಶೇಖವ್ವ ಕೂಡ ನಕ್ಕಳು, ಆ ವರ್ಷವೇ ಗಂಡನನ್ನು ಕಳೆದುಕೊಂಡು ಹೊಸ್ತಿಲು ದಾಟದೆ ಕೂತವಳು, ಕಿಟಕಿಯ ಸರಳು ಹಿಡಿದು ನಕ್ಕೂ ನಕ್ಕೂ ಕೊನೆಗೆ ಬಿಕ್ಕಿದಳು, ಅಬ್ರಾರ ಆವತ್ತೇ ತಿಳಿದುಕೊಂಡ, ಮಂದಿ ಬಿದ್ದದ್ದಕ್ಕೆ ನಗುವುದಲ್ಲ, ಎದ್ದದ್ದಕ್ಕೆ ನಗುವುದು, ಬಾನಿಯಿಂದ ನೀಲಿ ಬಣ್ಣದಲ್ಲಿ ತಲೆಯೆತ್ತಿದ ಶಿವಯೋಗಿ ಮೊದಲು ಕಂಡದ್ದು ಕ್ಯಾಮೆರಾ ಹಿಡಿದಿದ್ದ ಇವನನ್ನು, ಮೊದಲು ಕೇಳಿದ್ದು, ನಕ್ರೇನ್ಲೇ? ನಕ್ರೋ, ಅಂದ ಇವನು. ಅಂದಿನಿಂದ ಇಂದಿನವರೆಗೆ, ಲಕ್ಷ್ಮೇಶ್ವರದಲ್ಲಿ ಟಗರು ಗುದ್ದಿ ಹೇಸಿಗೆಯ ತಿಪ್ಪೆಗೆ ಹೋಗಿ ಬಿದ್ದಾಗಲೂ, ಶಿರಹಟ್ಟಿ ದಾರಿಯಲ್ಲಿ ಶೇಂಗಾ ಹೊಟ್ಟಿನ ಬಣವೆಯ ಮೇಲಿಂದ ಸೈಕಲ್ ಸಮೇತ ಹಾರಿದಾಗಲೂ, ಎದ್ದ ಕೂಡಲೇ ಅದೊಂದೇ ಪ್ರಶ್ನೆ, ನಕ್ರೇನ್ಲೇ, ಅದೊಂದೇ ಉತ್ತರ, ನಕ್ರೋ, ಕೈ ಮುರಿದಿದೆಯೋ ಕಾಲು ಉಳುಕಿದೆಯೋ ಅದೆಲ್ಲ ಆಮೇಲಿನ ಮಾತು.

ಇವು ಹೊಲಸು ಪಿಚ್ಚರು, ಬುದ್ಧಿ ಇಲ್ಲದವರ ಆಟ, ಅನ್ನುವವರು ಅನ್ನಲಿ, ಅನ್ನುವವರೂ ಬಾಗಿಲು ಹಾಕಿಕೊಂಡು ನೋಡುತ್ತಾರೆ ಅನ್ನುವುದು ಅಬ್ರಾರನಿಗೆ ಗೊತ್ತು, ಆದರೆ ಇದಕ್ಕೂ ಒಂದು ಕಟ್ಟಳೆ ಇದೆ ಅನ್ನುವುದು ಅವರಿಗೆ ಗೊತ್ತಿಲ್ಲ, ಬೀಳುವವನು ತಾನು ಬೀಳುತ್ತೇನೆಂದು ತಿಳಿದು ಬೀಳಬೇಕು, ಇದು ಮೊದಲನೆಯ ಕಟ್ಟಳೆ, ಮುಂಡರಗಿ ಬಸ್ ಸ್ಟ್ಯಾಂಡಿನಲ್ಲಿ ಮಾಡಿದ್ದು ನೆನಪಿದೆಯಲ್ಲ, ಶಿವಯೋಗಿ ತತ್ತಿಯ ಟ್ರೇ ಹೊತ್ತು ಜಾರಲಿ ಅಂತ ಸಬಕಾರದ ನೀರು ಚೆಲ್ಲಿದ್ದರು, ಅವನಿಗಿಂತ ಮೊದಲು ಸಂತೆಚೀಲ ಹಿಡಿದ ಮುದುಕಿಯೊಬ್ಬಳು ಬಂದು ಜಾರಿದಳು, ಖಾತುನಬಿ ಅಂತ ಆಮೇಲೆ ಗೊತ್ತಾಯಿತು, ಪೆಟ್ಟೇನೂ ಆಗಿರಲಿಲ್ಲ ಪುಣ್ಯಕ್ಕೆ, ಎದ್ದಳು, ಒಂದು ಕಾಲಿನ ಚಪ್ಪಲಿ ಹುಡುಕಿದಳು, ಸೆರಗು ತಲೆಯ ಮೇಲೆ ಎಳೆದುಕೊಂಡು ಯಾರ್‍ಯಾರು ನೋಡಿದರು ಅಂತ ಸುತ್ತ ನೋಡಿದಳು. ಬಿದ್ದ ಚೆಂದ ಹೇಳಬೇಕೆಂದರೆ ಶಿವಯೋಗಿಯೂ ಹಾಗೆ ಬೀಳಲಾರ. ಮನೆಗೆ ಹೋಗಿ ಅಮ್ಮನಿಗೆ ತೋರಿಸಿದ, ಎಲ್ಲವನ್ನೂ ಮೊದಲು ಮೋತಿಬಿಗೆ ತೋರಿಸುವುದೇ ಇವನ ಪದ್ಧತಿ, ಅಮ್ಮ ನೋಡುತ್ತಾಳೆ, ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಾಳೆ, ನಗು ಮುಗಿದ ಮೇಲೆ ಕೇಳುತ್ತಾಳೆ, ಉಠ್ಯಾ ನಾ ಉನೆ? ಎದ್ದ ತಾನೇ ಅವನು, ಅಂತ. ಮೊದಲು ನಕ್ಕು ಆಮೇಲೆ ಕೇಳಿದರೆ ಆ ಶಾಟು ಪಾಸು. ನಗದೆಯೇ ಕೇಳಿದಳೋ, ಫೇಲು. ಖಾತುನಬಿ ಜಾರಿದ್ದನ್ನು ನೋಡಿ ಅಮ್ಮ ನಗಲಿಲ್ಲ, ಚಪ್ಪಲಿ ಸಿಕ್ತೇನೋ ಅವಳದು, ಅಂದಳು, ಅಬ್ರಾರ ಅಲ್ಲೇ ಕೂತು ಅಳಿಸಿ ಹಾಕಿದ, ಅದಕ್ಕೇ ಹೇಳುವುದು, ಈ ಕಸುಬಿನ ಗೆರೆ ಎಲ್ಲಿದೆ ಅಂತ ಕಣ್ಣು ಮುಚ್ಚಿ ತೋರಿಸಬಲ್ಲವನು ಈ ನಾಲ್ಕು ತಾಲೂಕಿನಲ್ಲಿ ಇವನೊಬ್ಬನೇ, ಜಂಬ ಅಲ್ಲ, ಇದ್ದ ಮಾತು.

ಎರಡನೆಯ ಕಟ್ಟಳೆ, ಕತ್ತರಿ ಹಾಕಬಾರದು. ಬೀಳುವ ಮೊದಲಿನದೂ ಬಿದ್ದ ಮೇಲಿನದೂ ಒಂದೇ ಉಸಿರಿನಲ್ಲಿ ಕಾಣಬೇಕು, ನಡುವೆ ಕಟ್ ಮಾಡಿದರೆ ಸಾಕು, ಮೋಸ ಐತಿ, ಕೆಳಗ ಗಾದಿ ಹಾಸ್ಯಾರ, ಅಂತ ಬರೆಯಲು ಮಂದಿ ಕಾದು ಕೂತಿರುತ್ತಾರೆ, ಅದಕ್ಕೇ ಇವತ್ತಿನದು ಒಂದೇ ಟೇಕು, ಕಲ್ಲು ಸರಿಯುವುದು, ಹಬೆ ಏಳುವುದು, ದೀಪ, ಡೈಲಾಗು, ಶಿವಯೋಗಿ ಇಳಿಯುವುದು, ಹೊಟ್ಟು ಮೆತ್ತಿಕೊಂಡು ಮೇಲೆ ಬರುವುದು, ಎಲ್ಲ ಒಂದೇ. ಅಜ್ಜ ಮೊನ್ನೆಯೇ ತಕರಾರು ತೆಗೆದಿದ್ದ, ಇವತ್ತ ಬಾಯಿ ತಗದಿಡೂಣು, ನಾಳಿ ಇಳೀರಿ, ಹಗೇವು ಅಂದ್ರ ಹಂಗ ತಗದು ಹಿಂಗ ಇಳಿಯೂದಲ್ಲ, ಒಳಗ ಉಸರು ಕಟ್ಟಿರತೈತಿ, ಅಂತ, ಯಜ್ಜಾ, ನಾಳಿ ಇಳದ್ರ ಮಂದಿ ನಂಬೂದಿಲ್ಲೋ, ರಾತ್ರಿ ಏನರ ಮಾಡಿಟ್ಟಾರ ಅಂತಾರ, ಅಂದಿದ್ದ ಅಬ್ರಾರ, ಅಜ್ಜ ಸುಮ್ಮನಾಗಿದ್ದ, ಸುಮ್ಮನಾದದ್ದನ್ನು ಒಪ್ಪಿಗೆ ಅಂತ ಇವನು ಎತ್ತಿಕೊಂಡಿದ್ದ, ಎಲ್ಲರೂ ಹಾಗೇ ತಾನೇ ಎತ್ತಿಕೊಳ್ಳುವುದು — ಎಲ್ಲಿ, ಹಾಕ್ರಿ ಅಂತ ಇನ್ನೂ ಒದರಲಿಲ್ಲವಲ್ಲ ಇವನು, ಬಜಿ ತಿನ್ನುವುದು ಬಿಟ್ಟು ಬಜಿ ಕರಿಯುತ್ತ ಕೂತನೋ ಹೇಗೆ.

ತಡ ಮಾಡುತ್ತಿದ್ದಾನೆ, ಮಾಡಲಿ, ತಡವಾದಷ್ಟೂ ನಗು ದಪ್ಪ. ಟಗರು ಗುದ್ದಿದಾಗಲೂ ತಿಪ್ಪೆಯಲ್ಲಿ ಮುಖ ಕೆಳಗೆ ಮಾಡಿ ಅಲುಗದೆ ಬಿದ್ದಿದ್ದ, ಎಲ್ಲರೂ ಹೋದನಪ್ಪ ಅನ್ನುವಷ್ಟು ಹೊತ್ತು, ಆಮೇಲೆ ಕೈಯೊಂದನ್ನು ಎತ್ತಿ ಟಗರಿಗೆ ಸಲಾಮು ಹೊಡೆದಿದ್ದ, ಅದೇ ಲೆಕ್ಕಾಚಾರ ಇರಬೇಕು ಇವತ್ತೂ, ಕಲಿತುಬಿಟ್ಟ ಮಗ, ಪರದೆಯಲ್ಲಿ ಕರಿ ಬಾಯಿ ಮಾತ್ರ ಕಾಣುತ್ತದೆ, ಅಂಚಿನ ಮೇಲೆ ಒಂದು ಕಟ್ಟಿರುವೆ ಸುತ್ತು ಹಾಕುತ್ತಿದೆ, ಒಳಗೆ ಇಣುಕಿ ಹಿಂದಕ್ಕೆ ಬರುತ್ತಿದೆ, ಶಬ್ದ ಹಿಡಿಯುವ ಸುಶ್ಮಿತಾ ಕಿವಿಗೆ ಹೆಡ್‌ಫೋನು ಒತ್ತಿ ಹಿಡಿದಿದ್ದಾಳೆ, ಶಿವಯೋಗಿಯ ಅಂಗಿಗೆ ಸಿಗಿಸಿದ ಮೈಕಿನ ಶಬ್ದ ಅವಳಿಗೊಬ್ಬಳಿಗೇ ಕೇಳುವುದು, ಏನವಾ ಸುಶ್ಮಿತಾ, ಏನ್ ಮಾಡಾಕತ್ತಾನ, ಅಂತ ಕಣ್ಣಲ್ಲೇ ಕೇಳಿದ, ಅವಳು ಒಂದು ಕಿವಿ ಬಿಚ್ಚಿ, ನಗು ತಡೆದುಕೊಂಡು, ಅಬ್ರಾರಣ್ಣಾ, ಗೊರಕಿ ಹೊಡ್ಯಾಕತ್ತಾನ, ಅಂದಳು. ಗೊರಕೆ! ಕಟ್ಟೆಯ ಮೇಲಿನವರಿಗೂ ಕೇಳಿಸಿತು, ಗೊರಕಿ ಅಂತ, ಹಗೇವಿನ್ಯಾಗ ಮಲಗ್ಯಾನಂತ, ಬಜಿ ತಿಂದು ಮಲಗ್ಯಾನಂತ, ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದಾರೆ, ಅಬ್ರಾರನೂ ನಕ್ಕ, ಸ್ಟ್ಯಾಂಡಿನ ಮೇಲಿನ ಕ್ಯಾಮೆರಾ ಅಲುಗದಂತೆ ಹೊಟ್ಟೆಯೊಳಗೇ ನಕ್ಕ, ಇದು ಸ್ಕ್ರಿಪ್ಟಿಗಿಂತ ಮೇಲು, ಇಳಿದವನು ನಿದ್ದೆಹೋಗುವುದು, ಯಾವ ಊರಿನ ಯಾವ ಪಿಚ್ಚರಿನಲ್ಲೂ ಇಲ್ಲದ್ದು, ಎಂಥ ನಟನೆ ಮಗನದು —

ನಟನೆ. ಶಿವಯೋಗಿಗೆ ನಟನೆ ಬರುವುದಿಲ್ಲ. ಅಳು ಅಂದರೆ ಆಕಳಿಸುವವನು. ಗೊರಕೆಯಂತೂ, ಶಿರಹಟ್ಟಿಯಲ್ಲಿ ಶೂಟಿಂಗಿಗೆ ಅಂತ ಇಬ್ಬರೂ ಒಂದೇ ಕೋಣೆಯಲ್ಲಿ ಮಲಗಿದ್ದಾರೆ, ಹಸುಗೂಸಿನ ಹಾಗೆ ಸದ್ದಿಲ್ಲದೆ ಮಲಗುವವನು, ಇದ್ದಾನೋ ಇಲ್ಲವೋ ಅಂತ ಮೂಗಿನ ಹತ್ತಿರ ಬೆರಳಿಟ್ಟು ನೋಡಬೇಕು — ಹಾಗಾದರೆ ಗೊರಕೆ ಯಾರದು, ಗೊರಕೆ ಯಾತರದು, ದೀಪ ಕುಳ್ಳಗಾಯಿತು, ಕೆಂಪಾಯಿತು, ಗಾಳಿ ಎಲ್ಲಿತ್ತು, ಹಗೇವಿನೊಳಗೆ ಗಾಳಿ ಎಲ್ಲಿಂದ ಬರಬೇಕು ಆರಿಸಲಿಕ್ಕೆ, ಎಣ್ಣೆ ತುಂಬಿತ್ತು, ಅಜ್ಜ ಅಬ್ರಾರನ ಕಣ್ಣೆದುರೇ ತುಂಬಿದ್ದ, ಎರಡು ಸಲ ಆರಿತು, ಅಜ್ಜ ಅಂದ, ಬ್ಯಾಡೋ ತಮ್ಮಾ, ಅಜ್ಜನೂ ನಟಿಸುವವನಲ್ಲ, ಯಜ್ಜಾ ನಟನಿ ಮಾಡಬ್ಯಾಡ ಅಂತ ಇವನೇ ಹೇಳಿಕೊಟ್ಟದ್ದು, ಅಜ್ಜ ಒಂದು ದಿನವೂ ಮಾಡಿಲ್ಲ, ಟೈರಿನ ದಿನವೂ ಮಾಡಿಲ್ಲ, ಟಗರಿನ ದಿನವೂ ಮಾಡಿಲ್ಲ, ಪ್ರತಿ ಸಲ ಖರೆ ಖರೆ ಅಂಜಿ ಅಂದಿದ್ದಾನೆ ಆ ಮುದುಕ, ಪ್ರತಿ ಸಲ ಖರೆ ಖರೆ ಜೀವ ಬಂದು ಕಣ್ಣೊರೆಸಿಕೊಂಡಿದ್ದಾನೆ, ಅದನ್ನೇ ಮಂದಿ ಅಂಗಿಯ ಮೇಲೆ ಬರೆಸಿಕೊಂಡರು. ಅಜ್ಜ ಎದ್ದಾಗಿದೆ, ಕಾಲು ಅಗಲಿಸಿ ಅಂಚಿಗೆ ಒತ್ತುಕೊಟ್ಟು ಹಗ್ಗ ಎಳೆಯುತ್ತಿದ್ದಾನೆ ಒಬ್ಬನೇ, ಧೋತರ ಬಿಚ್ಚಿಕೊಳ್ಳುತ್ತಿದೆ, ಕಟ್ಟೆಯ ಮೇಲಿನವರು ಇನ್ನೂ ನಗುತ್ತಿದ್ದಾರೆ, ಅಜ್ಜ ಬಾವಿ ನೀರು ಸೇದತಾನ ನೋಡ್ರಿ ಅಂತ, ಹೆಡ್‌ಫೋನು ಒತ್ತಿ ಹಿಡಿದ ಸುಶ್ಮಿತಾಳ ಮುಖ ಬದಲಾಯಿತು, ಅಬ್ರಾರಣ್ಣಾ, ಈಗ ಗೊರಕೀನೂ ಕೇಳಸವಲ್ದು. ಮತ್ತು ಅಬ್ರಾರನ ಕೈ — ಈ ಹಾಳು ಕೈ ಫೋಕಸ್ ತಿರುಗಿಸುತ್ತಿದೆ, ಅಜ್ಜನ ಮುಂಗೈಯ ನರದ ಮೇಲೆ ಫೋಕಸ್ ಕೂರಿಸುತ್ತಿದೆ, ಬಿಡು, ಬಿಡಲೇ, ಬಿಟ್ಟ, ಓಡಿದ, ಹಗ್ಗಕ್ಕೆ ಬಿದ್ದ.

ಹಗ್ಗ ಭಾರ, ಶಿವ್ಯಾ ಇಷ್ಟು ಭಾರ ಯಾವತ್ತೂ ಇರಲಿಲ್ಲ, ಬೀಳುವಾಗ ಅರಳೆಯ ಹಾಗೆ ಬೀಳುತ್ತಿದ್ದವನು, ಈಗ ಜೋಳದ ಚೀಲ, ಎಳೀರಲೇ, ನಗಬ್ಯಾಡ್ರಲೇ, ಎಳೀರಿ, ಇದು ಯಾರ ದನಿ, ತನ್ನದೇ, ಕಟ್ಟೆಯ ಮೇಲಿಂದ ನಾಲ್ಕು ಮಂದಿ ಧುಮುಕಿ ಬಂದರು, ನಗು ಅರ್ಧಕ್ಕೇ ಮುಖದ ಮೇಲೆ ಉಳಿದವರು, ಮೊದಲು ಕೂದಲು ಬಂತು, ಆಮೇಲೆ ಜೋತುಬಿದ್ದ ಕುತ್ತಿಗೆ, ಕಂಕುಳಿಗೆ ಕೈ ಹಾಕಿ ಅಂಗಳಕ್ಕೆ ಎಳೆದು ಹಾಕಿದರು, ತುಟಿ ನೇರಳೆ, ಮೀಸೆಯ ಮೇಲೆ ಬೂದಿಯಂಥ ದೂಳು, ಅಂಗಿಯ ಜೇಬಿನಲ್ಲಿ ಬಜಿಯ ಪೊಟ್ಟಣ ಬಿಚ್ಚದೆಯೇ ಇದೆ, ತಿನ್ನುವುದಿರಲಿ, ತಳದಲ್ಲಿ ಕೂರುವಷ್ಟು ಹೊತ್ತೂ ಅವನಿಗೆ ಎಚ್ಚರ ಇರಲಿಲ್ಲ. ಚಟ್ಟದ ಮೇಲೆ ಮೂಗಿಗೆ ಹತ್ತಿ ಇಟ್ಟುಕೊಂಡು ಹೀಗೇ ಮಲಗಿದ್ದ, ಏಳಲೇ, ಚಹಾ ಕೇಳಲೇ, ಸಕ್ರಿ ಜಾಸ್ತಿ ಅನ್ನಲೇ, ಅಬ್ರಾರನ ಕಿವಿಯೊಳಗೆ ಅಮ್ಮ ನಗದೆಯೇ ಕೇಳುತ್ತಿದ್ದಾಳೆ, ಉಠ್ಯಾ ನಾ ಉನೆ, ಉಠ್ಯಾ ನಾ, ಸರೀರಿ, ಗಾಳಿ ಬಿಡ್ರಿ, ಅಂತ ಅಜ್ಜ ಎಲ್ಲರನ್ನೂ ತಳ್ಳಿ, ಅವನನ್ನು ಮಗ್ಗುಲಾಗಿಸಿ ಬೆನ್ನಿಗೆ ಗುದ್ದುತ್ತಿದ್ದಾನೆ, ಎಂದಿನದೇ ಗುದ್ದು, ಎದ್ದ ಮೇಲೆ ಹಾಕುತ್ತಿದ್ದ ಗುದ್ದನ್ನು ಇವತ್ತು ಏಳುವ ಮೊದಲೇ ಹಾಕುತ್ತಿದ್ದಾನೆ, ಸುಶ್ಮಿತಾ ನೀರು ಸುರಿದಳು, ಏನಿಲ್ಲ, ಅಜ್ಜ ಮತ್ತೆ ಗುದ್ದಿದ, ಏನಿಲ್ಲ, ಅಬ್ರಾರ ತನಗೆ ಗೊತ್ತಿರುವ ಎಲ್ಲ ದೇವರನ್ನೂ ಗುಡಿ ಮಸೀದಿ ಎರಡೂ ಕಡೆಯಿಂದ ಕರೆದ, ಆಮೇಲೆ ಶಿವಯೋಗಿಯ ಎದೆ ಒಮ್ಮೆ ಕಿತ್ತುಕೊಂಡು ಎದ್ದಿತು, ಕೆಮ್ಮಿದ, ಮತ್ತೆ ಕೆಮ್ಮಿದ, ಹಸಿರು ನೀರು ಕಾರಿದ, ಕಣ್ಣು ತೆರೆದ. ಅಜ್ಜ ಅಲ್ಲೇ ನೆಲಕ್ಕೆ ಕುಸಿದು ಟವೆಲ್ಲಿನಲ್ಲಿ ಮುಖ ಹೂತುಕೊಂಡ. ಯಾರೂ ಸಿಳ್ಳೆ ಹೊಡೆಯಲಿಲ್ಲ. ಕ್ಯಾಮೆರಾವನ್ನು ಯಾರೂ ನಿಲ್ಲಿಸಿಲ್ಲ, ಅದರ ಕೆಂಪು ಚುಕ್ಕೆ ಇನ್ನೂ ಉರಿಯುತ್ತಿದೆ, ಒಂದೇ ಟೇಕು, ಕತ್ತರಿ ಇಲ್ಲದ್ದು.

ಶಿವಯೋಗಿಯ ಕಣ್ಣು ಅಂಗಳವೆಲ್ಲ ಅಲೆದು, ಮಂದಿಯ ಮೇಲೆ ಹಾದು, ಅಬ್ರಾರನ ಮುಖಕ್ಕೆ ಬಂದು ನಿಂತಿತು, ತುಟಿ ಅಲುಗಿತು, ದನಿ ಇಲ್ಲ, ಬರೀ ಗಾಳಿ, ಆದರೂ ಅಬ್ರಾರನಿಗೆ ಕೇಳಿಸಿತು, ನಕ್ರೇನ್ಲೇ? ನಕ್ಕಿದ್ದರು, ಖರೆ, ಎಲ್ಲರೂ ನಕ್ಕಿದ್ದರು, ಇವನೂ ನಕ್ಕಿದ್ದ, ಒಂದು ಮಾತು ಅಂದುಬಿಟ್ಟರೆ ಆಯಿತು, ಎಂದಿನ ಮಾತು, ಗೆಳೆಯ ಕಾಯುತ್ತಿದ್ದಾನೆ, ಬಾಯಿ ತೆರೆದ, ಬಾಯೊಳಗೆ ಮುಗ್ಗಲು ಜೋಳದ ಬಿಸಿ, ಕಣ್ಣೊಳಗೆ ದಾರ, ದಾರದ ತುದಿಗೆ ಚಿಮಣಿ ದೀಪ, ಇಳಿಯುತ್ತಿದೆ, ಕುಳ್ಳಗಾಗುತ್ತಿದೆ, ಕೆಂಪಾಗುತ್ತಿದೆ, ಎಣ್ಣೆ ತುಂಬಿದೆ, ಗಾಳಿ ಇಲ್ಲ, ಎಲ್ಲರೂ ನಗುತ್ತಿದ್ದಾರೆ, ದೀಪ ಇಳಿಯುತ್ತಿದೆ, ಕುಳ್ಳಗೆ, ಕೆಂಪಗೆ, ದೀಪ —